ಲೆಕ್ಕದ ಪುಸ್ತಕ ಒದ್ದೆಯಾಗದಿರಲಿ

ದೋಣಿಯ ನಟ್ಟನಡುವೆ ಕೂತುಕೊಳ್ಳಿ, ಎಂಜಿನಿಯರೇ.
ಅಂಚಿಗೆ ವಾಲಿದರೆ ಮೊದಲು ನಿಮ್ಮ ಪುಸ್ತಕ ಮುಳುಗುತ್ತದೆ,
ಆಮೇಲೆ ನಾವು.

ಎಷ್ಟು ಗಿಡ ನಿಮ್ಮದು, ದೋನ್ಯಾ ಎರ್ಸಿಲಿಯ, ಎಂದಿರಿ.
ಹೇಗೆ ಎಣಿಸಲಿ?
ಕೆಲವು ಈಗ ನಿಮ್ಮ ಚಪ್ಪಲಿಯ ಕೆಳಗಿವೆ,
ಎರಡಾಳು ನೀರಿನಡಿ, ಉಸಿರು ಬಿಗಿಹಿಡಿದು.
ಕೆಲವಕ್ಕೆ ಕುತ್ತಿಗೆವರೆಗೆ ಬಂದಿದೆ ಹೊಳೆ.
ತಲೆಯಷ್ಟು ಹೊರಗಿದ್ದವನ್ನೇ ನಾವು ಕೊಯ್ಯುವುದು,
ನೀರು ಏರುವ ಮುಂಚೆ, ಏರುತ್ತಿರುವಾಗಲೇ.

ಇದು ಕಾಮು ಕಾಮು.
ಒಂದೇ ಸಲ ಕರೆದರೆ ಓಗೊಡುವುದಿಲ್ಲ, ಅನ್ನುತ್ತಿದ್ದ ಅಪ್ಪ.
ಅವನಿಗೆ ಇದು ಹಣ್ಣೇ ಅಲ್ಲ, ಗಾಳದ ಎರೆ.
ಕೆಂಪಗಾದದ್ದೊಂದನ್ನು ಕೊಕ್ಕೆಗೆ ಚುಚ್ಚಿ
ಕೋಲಿನ ತುದಿಯಿಂದ ನೀರಿಗೆ ಟಪ್, ಟಪ್,
ಹಣ್ಣುದುರಿತೆಂದು ನಂಬಿ
ಬರುತ್ತಿತ್ತು ಗಮಿತಾನ ಮೀನು, ಬಾಣಲೆಯಗಲ.

ಮನುಷ್ಯರು ತಿನ್ನುವುದೇ ಇದನ್ನು?
ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಒಮ್ಮೆ ಕಚ್ಚಿದ್ದಳಂತೆ.
ಹುಳಿಯೆಂದರೆ ಅಂಥ ಹುಳಿ,
ಮುಚ್ಚಿದ ಎಡಗಣ್ಣು ತೆರೆದದ್ದು ಸಂಜೆಗೆ.
ನೋಡಿ, ನನ್ನ ಎಡಗಣ್ಣು ಚಿಕ್ಕದು.

ಆಗಸ್ಟಿನಲ್ಲಿ ಬನ್ನಿ ಬೇಕಾದರೆ.
ನೀರಿಳಿದು, ಈ ಕೊಚ್ಚೆಯ ದಂಡೆಯ ಉದ್ದಕ್ಕೂ
ಈಜಿ ಎದ್ದ ಹುಡುಗರಂತೆ ನಿಂತಿರುತ್ತವೆ ಸಾಲಾಗಿ,
ಮೈಯೆಲ್ಲ ಒಣಕೆಸರು.
ಸೀಬೆಯ ಹಾಗೆ ತೊಗಟೆ ಸುಲಿಯುತ್ತದೆ,
ಒಳಗೆ ನುಣ್ಣನೆಯ ಹೊಸ ಮೈ.
ಆಮೇಲೆ ಬಿಳಿ ಹೂ, ಎಸಳಿಗಿಂತ ಕೇಸರವೇ ಹೆಚ್ಚು,
ಮುಂಜಾವದಲ್ಲಿ ಮೂಗಿಗೆ ಮೊದಲು ಸಿಕ್ಕಿ
ಕಣ್ಣಿಗೆ ತಡವಾಗಿ ಸಿಗುವಂಥದ್ದು.

ನಿಮ್ಮಂಥವರೇ ಹಿಂದೊಮ್ಮೆ ಬಂದಿದ್ದರು.
ಸಮುದ್ರದಾಚೆಗೆ ಇದರ ಪುಡಿ ಬೇಕಂತೆ, ಜೀವಸತ್ವವಂತೆ,
ಮಾತ್ರೆ ಮಾಡಿ ನುಂಗುತ್ತಾರಂತೆ. ಹುಳಿ ತಾಗದ ಹಾಗೆ!
ಸಸಿ ಹಂಚಿದರು. ಏರುದಂಡೆಯಲ್ಲಿ ನೆಡಿ,
ಮೂರು ಮೀಟರಿಗೊಂದು, ಹಗ್ಗ ಹಿಡಿದು.
ಹಗ್ಗ ಹಿಡಿದವ ನನ್ನ ಗಂಡ ಹೆರ್ಮೊಹೆನೆಸ್.
ನಾನೂರ ಹನ್ನೆರಡು.
ಹೊಳೆಗೂ ಅಷ್ಟು ನೆಟ್ಟಗೆ ಹರಿಯಲು ಬಂದಿರಲಿಲ್ಲ.

ನಾಲ್ಕನೇ ವರ್ಷ ಫಲ. ಇಪ್ಪತ್ತೆರಡು ಪೆಟ್ಟಿಗೆ.
ಕೊಳ್ಳುವವರ ದೊಡ್ಡ ದೋಣಿ ಹನ್ನೊಂದು ದಿನ ತಡ.
ಈ ಹಣ್ಣು ಕಾಯುವ ಜಾತಿಯದಲ್ಲ.
ಮೂರನೆಯ ದಿನಕ್ಕೆ ಮೆತ್ತಗಾಗಿ
ಐದನೆಯ ದಿನಕ್ಕೆ ಮನೆ ತುಂಬ ಹುಳಿತ ಸಾರಾಯಿಯ ವಾಸನೆ.
ಹೆರ್ಮೊಹೆನೆಸ್ ಯಾರನ್ನೂ ಬೈಯಲಿಲ್ಲ.
ಒಂದೊಂದೇ ಪೆಟ್ಟಿಗೆ ಹೊತ್ತು ತಂದು
ಮೆಟ್ಟಿಲ ಬುಡದಲ್ಲಿ ಹೊಳೆಗೆ ಮಗುಚಿದ.
ನೀರು ಕುದಿಯಿತು ಎಂಜಿನಿಯರೇ, ಮೀನಿನಿಂದ.
ಆ ರಾತ್ರಿ ಊರಿಗೆಲ್ಲ ಹುರಿದೆವು.
ಸೀಳಿದ ಹೊಟ್ಟೆಯೊಳಗೆ ಬೀಜ, ಇಡಿಯಿಡಿಯಾಗಿ,
ತೊಳೆದಿಟ್ಟಂತೆ.

ದಂಡೆಯನ್ನು ಹೊಳೆ ತಿಂದದ್ದು ಮರುವರ್ಷ.
ಒಂದೇ ರಾತ್ರಿಗೆ ನಾನೂರ ಹನ್ನೆರಡೂ,
ಜೊತೆಗೆ ಅನಾನಸು, ಕಕ್ಕಸಿನ ಗುಡಿಸಲು,
ಆ ಹಗ್ಗ.

ಈಗ ನಾವು ಕೊಯ್ಯುತ್ತಿರುವವು ಯಾರೂ ನೆಟ್ಟವಲ್ಲ.
ಬರೆದುಕೊಳ್ಳಿ: ನೆಟ್ಟದ್ದು ಇಷ್ಟು, ಉಳಿದದ್ದು ಸೊನ್ನೆ.
ಮಾಲೀಕರ ಹೆಸರಿನ ಮುಂದೆ ಗಮಿತಾನ ಎಂದು ಹಾಕಿ.
ಸಹಿ ಬೇಕಾದರೆ ಇಳಿದು ಕೇಳಿ.

ಉಪಯೋಗವೇ? ಆ ಕಾಲಮ್ಮೂ ಇದೆಯೇ?
ಮೊಮ್ಮಗಳು ನೆಯ್ಲಿತ್ ಬಂದರಿನಲ್ಲಿ ಶರಬತ್ತು ಮಾರುತ್ತಾಳೆ,
ಲೋಟಕ್ಕೆ ಮೂರು ಚಮಚ ಸಕ್ಕರೆ, ಆದರೂ ಗಿರಾಕಿಗಳ ಭುಜ ನಡುಗುತ್ತದೆ.
ಹೆರ್ಮೊಹೆನೆಸ್ ತೊಗಟೆಯನ್ನು ಕಬ್ಬಿನ ಸಾರಾಯಿಯಲ್ಲಿ ನೆನೆಹಾಕಿ
ಮೊಣಕಾಲಿಗೆ ಔಷಧಿ ಎಂದು ಕುಡಿಯುತ್ತಾನೆ.
ಎರಡೂ ಮೊಣಕಾಲಿಗೆ, ಬೇರೆ ಬೇರೆಯಾಗಿ.

ಆ ಕೊಂಬೆ ಹಿಡಿಯಿರಿ, ಎಳೆಯಬೇಡಿ.
ಪೂರ್ತಿ ಕಪ್ಪಾದದ್ದು ಬೇಡ, ಅದು ಮೀನಿನ ಪಾಲು.
ಅರ್ಧ ಹಸಿರು, ಅರ್ಧ ಕೆಂಪು, ಅದು.
ಪುಸ್ತಕ ಮುಚ್ಚಿ.
ಈಗ ಕಚ್ಚಿ.

ಹಾಂ, ಅದೇ.
ಎಡಗಣ್ಣು.