ಸೇತುವೆಯ ಲೆಕ್ಕ

ಸೇತುವೆ ದಾಟಿ ಅವರು ಬಂದ ನಾಲ್ಕನೆಯ ದಿನ
ರಾಸ್ ರುಮ್ಮಾನಿನ ಗಲ್ಲಿಯ ನಮ್ಮ ಲಾಂಡ್ರಿಗೆ
ಅವರ ಬಟ್ಟೆ ಬಂತು.
ಹದಿನೇಳು ಜೊತೆ. ಮರಳಿನ ಬಣ್ಣ.
ಒಂದು ಜೇಬಿನಲ್ಲಿ ಖರ್ಜೂರದ ಬೀಜ, ಇನ್ನೊಂದರಲ್ಲಿ
ಪೆಟ್ರೋಲ್ ಬಂಕಿನ ರಸೀದಿ.
ಕಾಲರಿನಲ್ಲಿ ಬೇರೆ ಊರಿನ ಬೆವರು.
ಬೆವರಿಗೆಂಥ ಊರು ಅನ್ನಬೇಡಿ,
ಇಪ್ಪತ್ತೆರಡು ವರ್ಷ ಮೂಸಿದ ಮೂಗು ಇದು.

ಕಾಲರಿನೊಳಗೆ ನಂಬರು ಬರೆಯುತ್ತ ಇದಿನಬ್ಬ ಅಂದ:
"ಕರೆದರು, ಬಂದರು. ಅಷ್ಟೇ ವಿಷಯ.
ಮನೆಗೆ ಬೆಂಕಿ ಬಿದ್ದಾಗ ಪಕ್ಕದವನು
ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತಾನಾ?"

ಬಾಯ್ಲರಿನ ಹಿಂದಿನಿಂದ ಸಿಪ್ರಿಯನ್:
"ಬೆಂಕಿ ಎಲ್ಲಿತ್ತು ಮಾರಾಯ?
ವೃತ್ತದಲ್ಲಿ ಡೇರೆ ಹಾಕಿ ಕೂತಿದ್ದರು, ಚಾ ಕಾಸುತ್ತಿದ್ದರು.
ಒಬ್ಬಳು ಮುದುಕಿ ನನಗೂ ಒಂದು ಲೋಟ ಕೊಟ್ಟಳು,
ಏಲಕ್ಕಿ ಜಾಸ್ತಿಯಾಗಿತ್ತು."

"ಚಾ ಕಾಸುವವರು ರಸ್ತೆ ಕಟ್ಟುತ್ತಾರಾ?
ಮೂರು ದಿನ ನನ್ನ ವ್ಯಾನು ಆಚೆ ಹೋಗಲಿಲ್ಲ."
"ನಿನ್ನ ವ್ಯಾನು ಹೋಗಲಿಕ್ಕೆ ಅವರ ಟ್ಯಾಂಕು ಬರಬೇಕಾಯ್ತಾ?"

"ಒಪ್ಪಂದ ಇದೆ. ಸಹಿ ಇದೆ."
"ಒಪ್ಪಂದ ಇರುವುದು ಹೊರಗಿನವರು ನುಗ್ಗಿದರೆ.
ಇಲ್ಲಿ ಹೊರಗಿನವರು ಯಾರು, ಆ ಮುದುಕಿಯಾ?"
"ಕರೆದದ್ದು ಯಜಮಾನ."
"ಯಜಮಾನ ಕರೆದರೆ ಮನೆಯವರೆಲ್ಲ ಕರೆದ ಹಾಗಾ?"

ನಾನು ಬಟ್ಟೆಗೆ ನೀರು ಚಿಮುಕಿಸುತ್ತಿದ್ದೆ.
ಮನೆಯಂತೆ, ಯಜಮಾನನಂತೆ!
ಮೂವರೂ ಈ ಮನೆಯ ಜಗಲಿಯಲ್ಲಿ ಮಲಗುವವರು,
ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿ.
ಆದರೂ ಗಂಟಲು ಕೇಳಬೇಕು,
ನಾಳೆ ಬೆಳಿಗ್ಗೆ ಇವರಿಗೇ ಪಟ್ಟ ಕಟ್ಟುತ್ತಾರೆ ಅನ್ನುವ ಹಾಗೆ.
ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ:
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಬಂದದ್ದಕ್ಕೆ ಹತ್ತು ಕಾರಣ ಹೇಳಿ, ಆಗಲಿ,
ಹೋಗುವ ತಾರೀಖು ಒಂದು ಹೇಳಿ.
ಯಾರೂ ಕೇಳಲಿಲ್ಲ. ಮೇಲೆ ಹೆಲಿಕಾಪ್ಟರ್ ಹಾದು
ಹ್ಯಾಂಗರುಗಳೆಲ್ಲ ಸಣ್ಣಗೆ ಕಿಣಿಗುಟ್ಟಿದವು.

ಆಗ ರೊಟ್ಟಿ ಅಂಗಡಿಯ ಹಾಜಿ ಮಕ್ಕಿ ಒಳಗೆ ಬಂದರು.
ಚೀಟಿ ಚಾಚಿದರು. ಇನ್ನೂರ ಹನ್ನೆರಡು.
ಮಗನ ನೀಲಿ ಅಂಗಿ.
ತೂಗುಹಾಕಿದ ಹದಿನೇಳನ್ನೂ
ಎಣಿಸುವವರ ಹಾಗೆ ನೋಡಿದರು.
ಇದಿನಬ್ಬ ಪೆನ್ನಿನ ಮುಚ್ಚಳ ಹುಡುಕತೊಡಗಿದ.
ಬಾಯ್ಲರು ಮಾತ್ರ ಉಸಿರಾಡುತ್ತಿತ್ತು.

"ತೊಳೆದಿರಾ ಇದನ್ನು?"
"ಭಾನುವಾರವೇ ತೊಳೆದಿಟ್ಟೆ ಹಾಜಿ, ಗರಿ ನೋಡಿ."
ಅವರು ಕಾಲರನ್ನು ಮುಖಕ್ಕೆ ಹಿಡಿದರು.
ತುಂಬ ಹೊತ್ತು.
ನಮ್ಮ ಸಾಬೂನಿನ ವಾಸನೆ, ಇನ್ನೇನಿರುತ್ತದೆ.
ಇನ್ನೂರು ಫಿಲ್ಸ್ ಇಟ್ಟು ಹೋದರು.
ಬೇಡ ಅನ್ನಲಿಕ್ಕೆ ನನಗೆ ಅರಬ್ಬಿ ಮರೆತೇ ಹೋಯಿತು.

ಸಂಜೆ ಬಟ್ಟೆ ಒಯ್ಯಲು ಬಂದವನು ಇನ್ನೂ ಹುಡುಗ,
ಒಳನಾಡಿನ ಮರಳುಗಾಡಿನವನಂತೆ.
ಸಮುದ್ರ ಯಾವ ಕಡೆ, ಕೇಳಿದ.
ಬಲಕ್ಕೆ ತೋರಿಸಿದೆ, ಎಡಕ್ಕೆ, ಮತ್ತೆ ಹಿಂದಕ್ಕೆ.
ಇಷ್ಟು ಚಿಕ್ಕದಾ, ಅಂದ,
ಅಳತೆ ತಪ್ಪಿ ಹೊಲಿದ ಅಂಗಿ ಹಿಡಿದವನ ಹಾಗೆ.
ದುಡ್ಡು ಆಮೇಲೆ, ಕಚೇರಿಯಿಂದ.

ರಾತ್ರಿ ಲೆಕ್ಕ ಬರೆಯುವಾಗ ಮತ್ತೆ ತಕರಾರು:
ಗಿರಾಕಿಯ ಹೆಸರು ಏನಂತ ಬರೆಯುವುದು?
"ಅತಿಥಿಗಳು" ಅಂದ ಇದಿನಬ್ಬ.
ಸಿಪ್ರಿಯನ್ ಅಂದದ್ದು
ಲೆಕ್ಕದ ಪುಸ್ತಕದಲ್ಲಿ ಬರೆಯುವಂಥದ್ದಲ್ಲ.
ಪೆನ್ನು ನನ್ನ ಕೈಯಲ್ಲಿತ್ತು.
ಸೇತುವೆ, ಅಂತ ಬರೆದೆ.
ಹದಿನೇಳು ಜೊತೆ.
ಬಾಕಿ.