ಉಪ್ಪು ಬೇಡದ ಮಾಗಿ

ಜನವರಿ ಇಪ್ಪತ್ತೇಳು. ಫೋನು ಮಲಗಿದೆ.
ನಾನು ಎದ್ದಿದ್ದೇನೆ, ಬೆಳಗಿನ ಜಾವ ಮೂರಕ್ಕೆ.
ಹತ್ತೊಂಬತ್ತು ಮಾಗಿ ಇದೇ ಹೊತ್ತಿಗೆ ಎದ್ದು ಎದ್ದು
ಎಚ್ಚರವೆಂಬುದು ಮೈಗಂಟಿದ ಹಳೆಯ ಕೋಟು.
ನೆಲ ಹೆಪ್ಪುಗಟ್ಟಿದರೆ ಕರೆ ಬರಬೇಕು:
‘ಎಮ್ರಿಸ್, ರಾಡ್ನರ್ ಗುಡ್ಡದ ದಾರಿಗೆ ಉಪ್ಪು ಚೆಲ್ಲು.’
ಬಂದಿಲ್ಲ. ಕ್ರಿಸ್ಮಸ್ಸಿನಿಂದ ಈಚೆಗೆ ಒಂದು ಸಲವೂ.

ಡಿಪೋದಲ್ಲಿ ನನ್ನ ಲಾರಿ ಬಾಯಿ ಕಳೆದು ನಿಂತಿದೆ.
ಟಾರ್ಪಾಲಿನಡಿ ಎಂಟುನೂರು ಟನ್ನು ಕಂದು ಉಪ್ಪು,
ಅದರ ನೆತ್ತಿಯಲ್ಲಿ ಬಾಲ ಕುಣಿಸುತ್ತ
ಒಂದು ಸಿಪಿಲೆ, ಗುತ್ತಿಗೆ ಹಿಡಿದವಳ ಹಾಗೆ.

ಹೀಗಾಗಿ ಮೊದಲ ಸಲ
ನನ್ನದೇ ಹಿತ್ತಿಲನ್ನು ಜನವರಿಯ ಬೆಳಕಲ್ಲಿ ಕಂಡೆ.
ಇಷ್ಟು ವರ್ಷ ಈ ತಿಂಗಳಲ್ಲಿ ಹಗಲೆಂದರೆ
ಎಳೆದ ಪರದೆ, ನಿದ್ದೆ.

ಸ್ನೋಡ್ರಾಪ್ ಆಗಲೇ ಮುಗಿಯುತ್ತ ಬಂದಿದೆ,
ಮದುವೆಮನೆಗೆ ಮುಂಚೆ ಬಂದು ಕೂತು
ಬೇಸತ್ತ ನೆಂಟರಂತೆ ತಲೆ ಬಗ್ಗಿಸಿ.
ಹೇಜಲ್ ಗಿಡದ ಹಳದಿ ಕುಚ್ಚು ಮುಟ್ಟಿದರೆ ಪುಡಿ.
ಪ್ಲಮ್ಮಿನ ತೆಂಕಣ ಕೊಂಬೆಯಲ್ಲಿ
ಒಂದು, ಎರಡು… ಏಳು ಹೂ.
ಗೋಡೆಯಾಚೆಯ ಪ್ರೋಬರ್ಟ್ ‘ಇದು ಒಳ್ಳೆಯದಕ್ಕಲ್ಲ’ ಅನ್ನುತ್ತಾನೆ,
ಅನ್ನುವಾಗ ತೋಳು ಮಡಚಿ
ಮುಖವನ್ನು ಬಿಸಿಲಿಗೆ ಒಡ್ಡಿರುತ್ತಾನೆ.

ಡೆಲಿತ್ ಕಾಳಿನ ಕೊಳವೆ ತೂಗುಹಾಕಿದ್ದಾಳೆ.
ಸೂರ್ಯಕಾಂತಿ ಬೀಜ, ಕೊಬ್ಬಿನುಂಡೆ, ಸೇಬಿನ ಹೋಳು.
ವರ್ಷಕ್ಕೊಮ್ಮೆ ಕಿಟಕಿಯಲ್ಲಿ ಒಂದು ತಾಸು ಕೂತು
ಹಕ್ಕಿ ಎಣಿಸುವುದು ಅವಳ ವ್ರತ.
ಚಹಾ ಆರಿತು. ಮುಳ್ಳು ಸುತ್ತು ಬಂತು.
ರಾಬಿನ್ ಒಂದು.
ಕಾಡುಪಾರಿವಾಳ ಎರಡು, ಅವೂ ಜಗಳಕ್ಕೆಂದು ಬಂದವು.
ಅಷ್ಟೇ.
‘ಹೋದ ವರ್ಷ ಮೂವತ್ತೊಂದು,’ ಅಂದಳು.

ಹೋದ ವರ್ಷ ತೊಟ್ಟಿಯ ನೀರು ಕಲ್ಲಾಗಿತ್ತು.
ನೀಲಿ ಟಿಟ್‌ಗಳು ಅವಳ ಕೈಯಳತೆಗೆ ಬಂದು
ಬೆರಳನ್ನೇ ಒಮ್ಮೆ ಕುಕ್ಕಿ ನೋಡಿದ್ದವು.
ಹಸಿವು ಅಷ್ಟು ಸಲುಗೆ ಕೊಟ್ಟಿತ್ತು.

ಬೇಲಿಯಲ್ಲಿ ಇನ್ನೂ ಹಣ್ಣಿದೆ, ಮಣ್ಣಲ್ಲಿ ಹುಳ ಎದ್ದಿದೆ,
ನಮ್ಮ ಹಂಗು ಯಾಕೆ ಅವಕ್ಕೆ, ಅಂದೆ.
‘ಗೊತ್ತು,’ ಅಂದಳು. ಗೊತ್ತಿರುವುದು ಬೇರೆ ಮಾತು.
ಪಟ್ಟಿಯ ಖಾಲಿ ಮನೆಗಳಿಗೆ ಸೊನ್ನೆ ಬರೆಯುತ್ತ ಹೋದಳು,
ಒಂದೊಂದನ್ನೂ ದುಂಡಗೆ, ಮೊಟ್ಟೆಯ ಹಾಗೆ.

ದಾರಿಗೂ ನನಗೂ ಉಪ್ಪಿನ ಋಣ.
ತಿರುವು ತಿರುವಿನಲ್ಲೂ ನನ್ನ ಉಪ್ಪುಂಡದ್ದು
ಈಗ ಗುರುತೇ ಇಲ್ಲದ ಹಾಗೆ ಒಣಗಿ ಬಿದ್ದಿದೆ.
ಶಾಲೆಯ ಬಸ್ಸು ಹೋಗುತ್ತದೆ, ಹಾಲಿನ ಟ್ಯಾಂಕರು ಹೋಗುತ್ತದೆ,
ಸೂಲಗಿತ್ತಿ ನೆಸ್ಟಾಳ ಕಾರು ಹಾಡು ಹಾಕಿಕೊಂಡು ಹೋಗುತ್ತದೆ.
ಯಾರೂ ಜಾರುವುದಿಲ್ಲ.
ಯಾರೂ ಜಾರದಿರಲಿ ಅಂತಲೇ ಅಲ್ಲವೆ
ಇಷ್ಟು ವರ್ಷ ಎದ್ದದ್ದು?
ಆದರೂ ಒಳಗೊಬ್ಬ ಕಳ್ಳ ರೇಡಿಯೋಗೆ ಕಿವಿಯಾನುತ್ತಾನೆ,
ಸೊನ್ನೆಗಿಂತ ಕೆಳಗೆ ಒಂದೇ ಒಂದು ಡಿಗ್ರಿಗೆ
ಹರಕೆ ಹೊರುತ್ತಾನೆ.
ಹರಕೆ ಫಲಿಸಿದರೆ
ಆ ಏಳು ಹೂ?

ಸಂಜೆ ಅಡುಗೆಮನೆಯ ಕಿಟಕಿಗೆ ಡಿಕ್ಕಿ ಹೊಡೆದು
ಸಿಂಕಿನ ಅಂಚಲ್ಲಿ ಬಿತ್ತು ಒಂದು ರಾಣಿ ದುಂಬಿ,
ಏಪ್ರಿಲ್ಲಿಗೆ ಏಳಬೇಕಾದವಳು,
ತುಪ್ಪಳದ ಕೋಟಿನ ಪುಟ್ಟ ಮುದುಕಿ.
ಡೆಲಿತ್ ಚಮಚೆಯಲ್ಲಿ ಸಕ್ಕರೆ ನೀರು ಕಲಸಿದಳು.
ಹಿಡಿದದ್ದು ನಾನು.
ಉಪ್ಪಿನಲ್ಲಿ ಬಿರಿದ ಈ ಹೆಬ್ಬೆರಳಿನ ಪಕ್ಕದಲ್ಲೇ
ಕೂದಲಿನಷ್ಟು ಸಣ್ಣ ನಾಲಗೆ ಇಳಿಯಿತು, ಏರಿತು, ಇಳಿಯಿತು.
ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು.
ಪಟ್ಟಿಯಲ್ಲಿ ದುಂಬಿಗೆ ಮನೆಯಿಲ್ಲ;
ಅಂಚಿನ ಬಿಳಿಯಲ್ಲಿ ಅವಳು ಬರೆದುಕೊಂಡಳು,
ಪೆನ್ಸಿಲ್ಲಿನಲ್ಲಿ: ಒಂದು.

ಮತ್ತೆ ಮೂರು ಗಂಟೆ.
ಬೀದಿದೀಪದ ಕೆಳಗೆ ಪಟ್ಟಿಯ ಆ ಒಂದೇ ರಾಬಿನ್
ಬೆಳಗಾಯಿತೆಂದು ತಪ್ಪಾಗಿ ತಿಳಿದು ಹಾಡುತ್ತಿದೆ.
‘ಕೇಳಿತಾ?’ ಅಂದಳು ಕತ್ತಲಲ್ಲಿ ಡೆಲಿತ್.
ಅವಳೂ ಎದ್ದಿದ್ದಾಳೆಂದು ನನಗೆ ಗೊತ್ತಿರಲಿಲ್ಲ,
ಹತ್ತೊಂಬತ್ತು ವರ್ಷ.