ಬೆಂಡು

ಸೊರಬ ರಸ್ತೆಯ ಕೆರೆ. ಕಾರ್ತಿಕದಲ್ಲಿ
ನೀರು ಸೊಂಟಕ್ಕಿಳಿದರೆ
ದೇವಕಿ ಚಿಕ್ಕಿ ಸೀರೆ ಎತ್ತಿಕಟ್ಟಿ
ಬೆಂಡಿನ ಗಿಡ ಕೀಳಲು ಹೋಗುವಳು;
ದಡದಲ್ಲಿ ಅವಳ ಚಪ್ಪಲಿ ಕಾಯುವ ಕೆಲಸ ನನ್ನದು.

ಅಟ್ಟದ ಮೇಲೆ ಒಣಗಿ ಒಣಗಿ
ಶಿವರಾತ್ರಿ ಹೊತ್ತಿಗೆ ಇಡೀ ಕೆರೆ
ಹತ್ತಿಗಿಂತ ಹಗುರ.
ಚೂರಿ ಕೈಗಿತ್ತು ಅನ್ನುವಳು:
ಉಸಿರು ಹಿಡಿ, ಸುರುಳಿ ಹರಿಯಬಾರದು.
ನನ್ನದು ಹರಿಯುತ್ತಿತ್ತು.

ವೈಶಾಖದಲ್ಲಿ ಯಾರ್ಯಾರದೋ ಹಣೆಗೆ
ನಮ್ಮ ಬಾಸಿಂಗ.
ಅಳತೆಗೆಂದು ಚಿಕ್ಕಿ, ಮದುವೆಯಿಲ್ಲದವಳು,
ಮೊದಲು ತಾನೇ ಕಟ್ಟಿಕೊಂಡು
ಕನ್ನಡಿ ನೋಡಿ,
"ಸಡಿಲ" ಎಂದು ಬಿಚ್ಚುವಳು.

ಈಗ ನಾನು ಕಾಗದದ ಮೇಲೆ ಸಾಲು ಕೊರೆಯುತ್ತೇನೆ.
ಹರಿದದ್ದೇ ಹೆಚ್ಚು.

ಆಷಾಢ. ಕೆರೆ ಕೋಡಿ ಬಿದ್ದಿದೆಯಂತೆ.
ಟ್ರಂಕಿನ ತಳದಿಂದ ಅವಳ ಬಾಸಿಂಗ ತೆಗೆದೆ:
ತೇವ ಕುಡಿದು ಉಬ್ಬಿದೆ.
ಹಣೆಗಿಟ್ಟರೆ ಕೆಸರ ವಾಸನೆ.
ದಾರ ಸಾಲಲಿಲ್ಲ.